ಒಂದೇ ಹಳಿ, ಎರಡು ಎಂಜಿನ್: ಮಹಡಿ ಕೋಣೆಯ ರೈಲಿಗೆ ಅನಲಾಗ್ ಬೇಕಾ, ಡಿಜಿಟಲ್ ಬೇಕಾ?

ಈ ಮಾದರಿ ರೈಲಿನ ಪ್ರಕರಣದಲ್ಲಿ ಇರುವವರು ಮೂರೇ ಜನ. ಮೊದಲನೆಯವರು ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತರಾದವರು. ಹೆಸರು, ಊರು ಬೇಡ. ರಾಯರು ಅಂತ ಕರೆಯೋಣ. ಎರಡನೆಯವನು ಅವರ ಮೊಮ್ಮಗ, ಇಂಜಿನಿಯರಿಂಗ್ ಎರಡನೇ ವರ್ಷ. ಮೂರನೆಯವನು ನಾನು, ಅದೇ ಬೀದಿಯಲ್ಲಿ ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವವನು. ಇಡೀ ಕೆಲಸದಲ್ಲಿ ಸುಟ್ಟುಹೋದದ್ದು ಒಂದೇ ಸಾಮಾನು. ಸುಟ್ಟವನು ನಾನೇ. ಅದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದು ಸಲೀಸು.

ಮಹಡಿ ಮೇಲಿನ ಘಟ್ಟ

ರಾಯರ ಮನೆಯ ಮಹಡಿಯಲ್ಲಿ ಶೀಟು ಹೊದಿಸಿದ ಒಂದು ಕೋಣೆ. ಹೊರಗೆ ಅಮ್ಮನವರ ಸಂಡಿಗೆ ಒಣಗುತ್ತಿರುತ್ತದೆ, ಒಳಗೆ 12 ಅಡಿ ಉದ್ದ, 5 ಅಡಿ ಅಗಲದ ಪ್ಲೈವುಡ್ ಮೇಜು. ರೈಲಿನ ಅಳತೆ ಎಚ್‌ಒ. ಅಂದರೆ ನಿಜವಾದ ಗಾಡಿಯ 87ನೇ ಒಂದು ಪಾಲು, ಹಳಿಗಳ ನಡುವೆ 16.5 ಮಿಲಿಮೀಟರ್.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಟ್ಟ ರಾಯರ ತಲೆಯಿಂದ ಇಳಿದೇ ಇಲ್ಲ. ಸುಮಾರು 55 ಕಿಲೋಮೀಟರ್, 57 ಸುರಂಗ, 50ಕ್ಕೆ 1ರ ಏರು, ಅಂದರೆ 50 ಅಡಿ ಮುಂದೆ ಹೋದರೆ 1 ಅಡಿ ಮೇಲೆ. ಅಲ್ಲಿ ಭಾರದ ಗಾಡಿ ಹತ್ತಬೇಕಾದರೆ ಹಿಂದಿನಿಂದ ತಳ್ಳಲು ಬೇರೆ ಎಂಜಿನ್ ಬೇಕು. ಅದನ್ನು ಬ್ಯಾಂಕರ್ ಅನ್ನುತ್ತಾರೆ. ಮೇಜಿನ ಮೇಲೆ ಜಾಗ ಕಡಿಮೆ, ಹಾಗಾಗಿ ಏರು ಇನ್ನೂ ಕಡಿದು, 33ಕ್ಕೆ 1. ಕೆಳಗೆ ಮೂರು ಲೈನಿನ ಸ್ಟೇಷನ್, ಮೇಲೆ ಎರಡು ಲೈನಿನ ಇನ್ನೊಂದು. ಅದರಾಚೆ ಗಾಡಿ ಸುತ್ತಿ ಅದೇ ಹಳಿಗೆ ವಾಪಸ್ ಬರುವ ಬಳೆಯಂಥ ತಿರುವು. ನಡುವೆ ಒಂಟಿ ಹಳಿ.

ಎಂಜಿನ್ ಆರು. ನಾಲ್ಕು ಹೊಸವು, ಒಳಗೆ ಎಂಟು ಪಿನ್ನಿನ ಸಾಕೆಟ್ ಇರುವಂಥವು. ಎರಡು ಹಳೆಯವು, ರಾಯರ ತಮ್ಮ ಎಷ್ಟೋ ವರ್ಷದ ಹಿಂದೆ ಜರ್ಮನಿಯಿಂದ ಸೂಟ್‌ಕೇಸಿನಲ್ಲಿ ತಂದವು. ಅವುಗಳಲ್ಲಿ ಸಾಕೆಟ್ಟೂ ಇಲ್ಲ, ಏನೂ ಇಲ್ಲ. ಈ ಎರಡು ಹಳೆಯವು ಮುಂದೆ ಕತೆಗೆ ಬರುತ್ತವೆ.

ಮೊದಲು ಅನಲಾಗ್, ಅದೂ ಸರಿಯಾಗಿಯೇ

ನಮ್ಮ ಮೊದಲ ಆಯ್ಕೆ ಅನಲಾಗ್. ಅದು ತಪ್ಪಾಗಿತ್ತು ಅಂತ ಈಗಲೂ ನನಗೆ ಅನಿಸುವುದಿಲ್ಲ. ಅನಲಾಗ್ ಅಂದರೆ ಹಳಿಗೆ ನೇರವಾಗಿ 0ರಿಂದ 12 ವೋಲ್ಟ್ ಡಿಸಿ. ವೋಲ್ಟೇಜ್ ಏರಿಸಿದರೆ ವೇಗ, ಪ್ಲಸ್ ಮೈನಸ್ ಅದಲು ಬದಲಾದರೆ ಹಿಮ್ಮುಖ. ಅರ್ಥ ಮಾಡಿಕೊಳ್ಳಲು ಐದು ನಿಮಿಷ ಸಾಕು, ಕೆಟ್ಟರೆ ಒಂದು ಮಲ್ಟಿಮೀಟರ್ ಸಾಕು.

ತೊಂದರೆ ಒಂದೇ. ಹಳಿಯಲ್ಲಿ ಕರೆಂಟ್ ಇದ್ದರೆ ಅದರ ಮೇಲೆ ನಿಂತ ಎಲ್ಲ ಎಂಜಿನ್ನೂ ಹೊರಡುತ್ತವೆ. ಅದಕ್ಕೇ ಹಳಿಯನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಒಂದು ಸ್ವಿಚ್ ಕೊಡುತ್ತಾರೆ. ಈ ತುಂಡಿಗೆ ಬ್ಲಾಕ್ ಅಂತ ಹೆಸರು. ನಮ್ಮದು ಒಂಬತ್ತು ಬ್ಲಾಕ್, ವೋಲ್ಟೇಜ್ ಏರಿಸಿ ಇಳಿಸುವ ಕಂಟ್ರೋಲರ್ ಎರಡು. ಪ್ರತಿ ಬ್ಲಾಕಿಗೂ ನಡುವೆ ಆಫ್ ಇರುವ ಒಂದು ಟಾಗಲ್ ಸ್ವಿಚ್. ಮೇಲಕ್ಕೆ ಒತ್ತಿದರೆ ಮೊದಲ ಕಂಟ್ರೋಲರ್, ಕೆಳಕ್ಕೆ ಒತ್ತಿದರೆ ಎರಡನೆಯದು.

ರಾಯರಿಗೆ ಇದು ತುಂಬಾ ಹಿಡಿಸಿತು. ಯಾಕೆ ಅಂತ ಹೇಳಬೇಕಾದರೆ ಒಂದು ಮಾತು. ಒಂಟಿ ಹಳಿಯಲ್ಲಿ ನೀಲ್ಸ್ ಬಾಲ್ ಟೋಕನ್ ಅಂತ ಒಂದು ಪದ್ಧತಿ ಇತ್ತು. ಎರಡು ಸ್ಟೇಷನ್ನಿನಲ್ಲೂ ಒಂದೊಂದು ಕೆಂಪು ಪೆಟ್ಟಿಗೆ. ಎರಡಕ್ಕೂ ವೈರಿನ ಸಂಬಂಧ. ಒಂದು ಉಕ್ಕಿನ ಚೆಂಡು ಹೊರಗೆ ಬಂದಿತು ಅಂದರೆ ಅದು ಮತ್ತೆ ಪೆಟ್ಟಿಗೆ ಸೇರುವ ತನಕ ಇನ್ನೊಂದು ಬರುವುದಿಲ್ಲ. ಚೆಂಡು ಕೈಗೆ ಸಿಗದೆ ಡ್ರೈವರ್ ಗಾಡಿ ಹೊರಡಿಸುವಂತಿಲ್ಲ. ರಾಯರು ಅರ್ಧ ಆಯಸ್ಸು ಆ ಚೆಂಡನ್ನು ಕೊಟ್ಟು ತೆಗೆದುಕೊಂಡವರು. ಅನಲಾಗ್ ಬ್ಲಾಕೂ ಅವರಿಗೆ ಹಾಗೇ ಕಂಡಿತು. "ನಾನು ಸ್ವಿಚ್ ಹಾಕದೆ ಯಾವ ಗಾಡೀನೂ ಸೆಕ್ಷನ್ ಒಳಗೆ ಬರೋ ಹಾಗಿಲ್ಲ. ಇದಕ್ಕಿಂತ ಏನಪ್ಪಾ ಬೇಕು?" ಅಂದರು.

ಎಂಟು ತಿಂಗಳು ಒಬ್ಬರೇ ಓಡಿಸಿದರು. ಒಂದು ದೂರೂ ಬರಲಿಲ್ಲ.

ಏಪ್ರಿಲ್ ರಜೆ

ಮೊಮ್ಮಗ ಬಂದ. ಓಡಿಸುವ ಕೈ ಎರಡಾಯಿತು.

ಮೊದಲ ದಿನವೇ ಶುರು. ಹುಡುಗ ಗಾಡಿ ಹೊರಡಿಸುತ್ತಾನೆ, ಮುಂದಿನ ಬ್ಲಾಕಿನ ಸ್ವಿಚ್ ಬದಲಿಸುವುದನ್ನು ಮರೆಯುತ್ತಾನೆ. ಆ ಬ್ಲಾಕ್ ಇನ್ನೂ ತಾತನ ಕಂಟ್ರೋಲರ್ ಕೈಯಲ್ಲಿ, ಅದೂ ಉಲ್ಟಾ ದಿಕ್ಕಿನಲ್ಲಿ. ಎಂಜಿನ್ ಗಡಿ ದಾಟುವಾಗ ಮುಂದಿನ ಗಾಲಿ ಮುಂದಕ್ಕೆ ಅನ್ನುತ್ತದೆ, ಹಿಂದಿನದು ಹಿಂದಕ್ಕೆ. ಅಲ್ಲೇ ನಿಂತು ನಡುಗುತ್ತದೆ. "ತಾತಾ, ನಿಮ್ಮ ಸ್ವಿಚ್!" "ನಂದಲ್ಲ ಕಣೋ, ನಿಂದು!" ದಿನಕ್ಕೆ ಹತ್ತು ಸಲ ಇದೇ.

ಇದು ಸಹಿಸಬಹುದಾದ ವಿಷಯ. ಗಾಡಿ ನಿಂತಿತು, ಸ್ವಿಚ್ ಹಾಕಿದರು, ಮುಂದೆ ಹೋಯಿತು. ನಿಜವಾಗಿ ತಡೆದದ್ದು ಬ್ಯಾಂಕರ್. ಏಳು ಬೋಗಿಯ ಗಾಡಿಗೆ ಮುಂದೊಂದು, ಹಿಂದೊಂದು ಎಂಜಿನ್ ಹಾಕಿದರು. ಎರಡೂ ಬೇರೆ ಬೇರೆ ಕಂಪನಿಯವು. ಒಂದು 3 ವೋಲ್ಟಿಗೇ ಕದಲುತ್ತದೆ, ಇನ್ನೊಂದಕ್ಕೆ ನಾಲ್ಕೂವರೆ ಬೇಕು. ಹಳಿಯಲ್ಲಿ ಇರುವುದು ಒಂದೇ ವೋಲ್ಟೇಜ್. ಹಿಂದಿನದು ಮೊದಲು ಹೊರಟು ನೂಕಿತು, ಮುಂದಿನದು ಇನ್ನೂ ಎದ್ದಿರಲಿಲ್ಲ. ನಡುವಿನ ಖಾಲಿ ಬೋಗಿ ತಿರುವಿನಲ್ಲಿ ಎದ್ದು ಪಕ್ಕಕ್ಕೆ ಮಲಗಿತು. ಮೂರು ಸಲ ಪ್ರಯತ್ನ ಮಾಡಿದರು, ಮೂರು ಸಲವೂ ಅದೇ ಬೋಗಿ.

ಹುಡುಗ ಡಿಜಿಟಲ್ ಅಂದ. ಅವನು ಹೇಳಿದ್ದು ಡಿಸಿಸಿ, ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್ ಪದ್ಧತಿ. ಜರ್ಮನಿಯ ಲೆಂಜ್ ಕಂಪನಿಯ ಕೆಲಸವನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ಮಾದರಿ ರೈಲು ಸಂಘ ಎನ್‌ಎಂಆರ್‌ಎ 1990ರ ದಶಕದಲ್ಲಿ ಮಾಡಿದ ಮಾನದಂಡ ಅದು. ಹಳಿಯಲ್ಲಿ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ. ಆ ವೋಲ್ಟೇಜೇ ಪ್ಲಸ್ ಮೈನಸ್ ಪಟಪಟ ಬದಲಾಗುತ್ತಾ ಸಂದೇಶವನ್ನೂ ಹೊತ್ತುಕೊಂಡು ಹೋಗುತ್ತದೆ. ಅರ್ಧ ಸುತ್ತು 58 ಮೈಕ್ರೋಸೆಕೆಂಡ್ ಇದ್ದರೆ ಒಂದು, ಸುಮಾರು 100 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸೊನ್ನೆ. ಪ್ರತಿ ಎಂಜಿನ್ ಹೊಟ್ಟೆಯಲ್ಲೂ ಡಿಕೋಡರ್ ಅನ್ನುವ ಪುಟ್ಟ ಬೋರ್ಡ್. ತನ್ನ ನಂಬರಿಗೆ ಬಂದ ಮಾತನ್ನು ಮಾತ್ರ ಅದು ಕೇಳುತ್ತದೆ. ಪೆಟ್ಟಿಗೆಯಿಂದ ತೆಗೆದಾಗ ಎಲ್ಲದರ ನಂಬರ್ರೂ 3.

ರಾಯರು ಒಪ್ಪಲಿಲ್ಲ. ಅವರ ವಾದ ಕೇಳಿ. "ಹಳಿ ತುಂಬಾ ಕರೆಂಟ್ ಬಿಟ್ಟು, ಯಾವ ಎಂಜಿನ್ ಬೇಕಾದ್ರೂ ಎಲ್ಲಿಗೆ ಬೇಕಾದ್ರೂ ಹೋಗಬಹುದು ಅಂದ್ರೆ, ಎದುರುಬದುರು ಬಂದು ಗುದ್ದಿದ್ರೆ ತಡೆಯೋರು ಯಾರು?" ಡಿಜಿಟಲ್ ಹೊಗಳುವವರು ಈ ಮಾತನ್ನು ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ. ಅನಲಾಗ್ ಬ್ಲಾಕಿನಲ್ಲಿ ಬಿಟ್ಟಿಯಾಗಿ ಸಿಗುವ ಕಾವಲು ಡಿಸಿಸಿಯಲ್ಲಿ ಇರುವುದಿಲ್ಲ. ಅದನ್ನು ಬೇರೆಯಾಗಿ ಕಟ್ಟಿಕೊಳ್ಳಬೇಕು.

ನನ್ನ ಜಾಣತನ

ಇಬ್ಬರಿಗೂ ಬೇಜಾರಾಗಬಾರದು ಅಂತ ನಾನೊಂದು ನಡುವಿನ ದಾರಿ ಹುಡುಕಿದೆ. ಹೇಗೂ ಪ್ರತಿ ಬ್ಲಾಕಿಗೂ ಎರಡು ಕಡೆ ಹೋಗುವ ಸ್ವಿಚ್ ಇದೆ. ಮೊದಲ ಕಂಟ್ರೋಲರ್ ಜಾಗದಲ್ಲಿ ಡಿಸಿಸಿ ಇಟ್ಟುಬಿಡೋಣ, ಎರಡನೆಯದು ಅನಲಾಗಾಗಿಯೇ ಇರಲಿ. ಯಾವ ಬ್ಲಾಕಿಗೆ ಯಾವುದು ಬೇಕೋ ಅದು. ಹೊಸ ವೈರು ಬೇಡ, ಖರ್ಚೂ ಇಲ್ಲ. ಕಾಗದದ ಮೇಲೆ ಬಹಳ ಚೆನ್ನಾಗಿತ್ತು.

ಹುಡುಗ ಬೆಂಗಳೂರಿನ ಎಸ್‌ಪಿ ರೋಡಿನಿಂದ ಆರ್ಡುಯಿನೋ ಮೆಗಾ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು, ಅದರ ಮೇಲೆ ಕೂತು ಹಳಿಗೆ ಕರೆಂಟ್ ಕೊಡುವ ಮೋಟರ್ ಶೀಲ್ಡು ತಂದ. ಡಿಸಿಸಿ-ಇಎಕ್ಸ್ ಅಂತ ಉಚಿತವಾಗಿ ಸಿಗುವ ತಂತ್ರಾಂಶ ಹಾಕಿದ. ಶೀಲ್ಡಿನ ಹಿಂಬದಿಯಲ್ಲಿ ಕೂದಲೆಳೆಯಂಥ ಒಂದು ಗೆರೆಯನ್ನು ಬ್ಲೇಡಿನಿಂದ ಕೆರೆದು ಕತ್ತರಿಸಬೇಕು. ಇಲ್ಲದಿದ್ದರೆ ಹಳಿಗೆ ಕೊಡುವ 14 ವೋಲ್ಟ್ ಆರ್ಡುಯಿನೋ ಹೊಟ್ಟೆಗೂ ಹೋಗುತ್ತದೆ. ಅದನ್ನೆಲ್ಲ ಹುಷಾರಾಗಿ ಮಾಡಿದೆವು. ಮೊಬೈಲಿನಿಂದ ಎಂಜಿನ್ ಓಡಿತು. ಅಮ್ಮನವರೂ ಮೇಲೆ ಬಂದು ನೋಡಿ ಹೋದರು.

ಮೂರನೇ ದಿನ ಡಿಸಿಸಿ ಬ್ಲಾಕಿನಿಂದ ಹೊರಟ ಎಂಜಿನ್ ಮುಂದಿನ ಬ್ಲಾಕಿಗೆ ಕಾಲಿಟ್ಟಿತು. ಆ ಬ್ಲಾಕಿನ ಸ್ವಿಚ್ ಅನಲಾಗ್ ಕಡೆಗಿತ್ತು. ಅದೇ ಹಳೇ ಮರೆವು. ಎಂಜಿನ್ನಿನ ಮುಂದಿನ ಗಾಲಿ, ಹಿಂದಿನ ಗಾಲಿ ಎರಡೂ ಒಳಗಿನ ಒಂದೇ ವೈರಿಗೆ ಸೇರಿರುತ್ತವೆ. ಹಾಗಾಗಿ ಗಡಿಯ ಮೇಲೆ ನಿಂತ ಎಂಜಿನ್ನೇ ಎರಡೂ ಪದ್ಧತಿಗೆ ಸೇತುವೆಯಾಯಿತು. ಟಪ್ ಅಂತ ಸದ್ದು. ಅನಲಾಗ್ ಕಂಟ್ರೋಲರಿನ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಯಿತು. ಕೋಣೆ ತುಂಬಾ ಸುಟ್ಟ ವಾಸನೆ. ರಾಯರು ಕಿಟಕಿ ತೆಗೆದರು, ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಆ ಸಂಜೆ ಅಂಗಡಿಯಲ್ಲಿ ಟ್ರಾನ್ಸಿಸ್ಟರ್ ಬದಲಿಸುತ್ತಾ ಕೂತಾಗ ಒಂದು ವಿಷಯ ಹೊಳೆಯಿತು. ಸ್ವಿಚ್ ಮರೆಯುವುದು ಈ ಮೇಜಿನ ಮಾಮೂಲಿ ತಪ್ಪು, ಅದು ನಿಲ್ಲುವುದಿಲ್ಲ. ಬರೀ ಅನಲಾಗಿನಲ್ಲಿ ಆ ತಪ್ಪಿಗೆ ಗಾಡಿ ನಿಲ್ಲುತ್ತಿತ್ತು. ನನ್ನ ಬೆರಕೆ ವೈರಿಂಗಿನಲ್ಲಿ ಅದೇ ತಪ್ಪಿಗೆ ಸಾಮಾನು ಸುಟ್ಟಿತು. ಬರೀ ಡಿಸಿಸಿ ಆದರೆ ಅದೇ ಮರೆವಿಗೆ ಎರಡು ಗಾಡಿ ಡಿಕ್ಕಿ ಹೊಡೆಯುತ್ತವೆ. ಎಷ್ಟು ಎಂಜಿನ್ ಇದೆ, ಎಷ್ಟು ದುಡ್ಡಿದೆ ಅನ್ನುವುದಕ್ಕಿಂತ ಮೊದಲು ಈ ಲೆಕ್ಕ ಹಾಕಬೇಕಿತ್ತು.

ರಾಯರ ಗ್ರಾಫ್

ನಿರ್ಧಾರ ಆದದ್ದು ಒಂದು ಹಾಳೆಯ ಮೇಲೆ. ರೈಲ್ವೆಯಲ್ಲಿ ಗಾಡಿಗಳ ಓಡಾಟ ನೋಡಿಕೊಳ್ಳುವ ಸೆಕ್ಷನ್ ಕಂಟ್ರೋಲರ್ ಅನ್ನುವವರ ಮುಂದೆ ಒಂದು ದೊಡ್ಡ ಚಾರ್ಟ್ ಇರುತ್ತದೆ. ಒಂದು ಕಡೆ ಗಂಟೆ, ಇನ್ನೊಂದು ಕಡೆ ಸ್ಟೇಷನ್ನುಗಳು. ಪ್ರತಿ ಗಾಡಿಯೂ ಒಂದು ಓರೆ ಗೆರೆ. ಎರಡು ಗೆರೆ ಎಲ್ಲಿ ಕೂಡುತ್ತವೋ ಅಲ್ಲಿ ಕ್ರಾಸಿಂಗ್. ರಾಯರು ಮೇಜಿನ ರೈಲಿಗೂ ಅಂಥದೊಂದು ಬರೆದರು. ಭಾನುವಾರ ಸಂಜೆ ಎರಡು ಗಂಟೆ ಹೊತ್ತು ಯಾವ ಗಾಡಿ ಎಲ್ಲಿಂದ ಎಲ್ಲಿಗೆ ಅಂತ, ಸ್ಕೇಲ್ ಇಟ್ಟು, ಪೆನ್ಸಿಲಿನಲ್ಲಿ.

ಅದರ ಮೇಲೆ ನಾನು ಕೆಂಪು ಪೆನ್ನಿನಲ್ಲಿ ಒಂದೇ ಗುರುತು ಹಾಕುತ್ತಾ ಹೋದೆ. ಒಂದೇ ತುಂಡು ಹಳಿಯ ಮೇಲೆ ಎರಡು ಎಂಜಿನ್ ಇದ್ದು, ಎರಡಕ್ಕೂ ಬೇರೆ ಬೇರೆ ಕೆಲಸ ಇರುವ ಜಾಗ ಎಲ್ಲೆಲ್ಲಿ? ನಿಂತ ಗಾಡಿಯ ಹಿಂದಕ್ಕೆ ಬ್ಯಾಂಕರ್ ಬಂದು ಸೇರುವಾಗ. ಮೇಲೆ ಹೋದ ಮೇಲೆ ಅದು ಕಳಚಿಕೊಳ್ಳುವಾಗ. ಕೆಳಗಿನ ಸ್ಟೇಷನ್ನಿನಲ್ಲಿ ಎಂಜಿನ್ ಬದಲಿಸುವಾಗ. ಇವಕ್ಕೆಲ್ಲ ಅನಲಾಗಿನಲ್ಲೇ ಪರಿಹಾರ ಇದೆ, ಇನ್ನಷ್ಟು ತುಂಡು ಮಾಡಿದರೆ ಆಯಿತು. ಎಣಿಸಿದೆವು. ಒಂಬತ್ತು ಬ್ಲಾಕ್ ಹದಿನೇಳಾಗುತ್ತಿತ್ತು. ಆದರೆ ಘಟ್ಟ ಹತ್ತುತ್ತಿರುವ ಗಾಡಿಯ ಮುಂದಿನ ಎಂಜಿನ್ನಿಗೂ ಹಿಂದಿನದಕ್ಕೂ ಬೇರೆ ಬೇರೆ ವೇಗ ಕೊಡುವುದು ನೂರು ತುಂಡು ಮಾಡಿದರೂ ಆಗುವ ಕೆಲಸವಲ್ಲ.

ರಾಯರು ಹಾಳೆಯನ್ನೇ ನೋಡುತ್ತಾ ಕೂತಿದ್ದರು. "ಹದಿನೇಳು ಸ್ವಿಚ್ ನೋಡ್ತಾ ಕೂತ್ರೆ ಗಾಡಿ ನೋಡೋದು ಯಾವಾಗಪ್ಪಾ?" ಅಂದರು. ಆಮೇಲೆ, "ಬ್ಯಾಂಕರ್ ಇಲ್ಲದ ಘಟ್ಟ ನಂಗೆ ಬೇಡ. ಹಾಕಿ ನಿಮ್ಮ ಡಿಜಿಟಲ್ಲು. ಆದ್ರೆ ನನ್ನ ಟೋಕನ್ ನಂಗೆ ಕೊಡಬೇಕು."

ಮತ್ತೆ ವೈರು

ಡಿಸಿಸಿಗೆ ಎರಡೇ ವೈರು ಸಾಕು ಅಂತ ಒಂದು ಮಾತು ಓಡಾಡುತ್ತದೆ. ನಂಬಬೇಡಿ. ಎರಡು ವೈರಿನಲ್ಲಿ ಒಂದು ಎಂಜಿನ್ ಓಡಿಸಿ ತೋರಿಸಬಹುದು, ಅಷ್ಟೇ.

ಅನಲಾಗ್ ದಿನಗಳಲ್ಲಿ ನಾವು ಕಾಲಿಂಗ್ ಬೆಲ್ಲಿಗೆ ಎಳೆಯುವ ಸಣ್ಣ ವೈರು ಹಾಕಿದ್ದೆವು. ಘಟ್ಟದ ತುದಿಯಲ್ಲಿ ಗಾಡಿ ಸ್ವಲ್ಪ ನಿಧಾನವಾಗುತ್ತಿತ್ತು, ಏರು ಅಲ್ವಾ ಅಂದುಕೊಂಡು ಸುಮ್ಮನಿದ್ದೆವು. ಡಿಸಿಸಿಗೆ ಬದಲಿಸಿದ ದಿನ ನಾಣ್ಯದ ಪರೀಕ್ಷೆ ಮಾಡಿದೆ. ಒಂದು ರೂಪಾಯಿಯ ನಾಣ್ಯ ಎರಡು ಹಳಿಗೂ ಅಡ್ಡ ಇಟ್ಟರೆ ಶಾರ್ಟ್ ಆಗಿ ತಕ್ಷಣ ಸಪ್ಲೈ ಕಟ್ಟಾಗಬೇಕು. ಸ್ಟೇಷನ್ನಿನಲ್ಲಿ ಆಯಿತು. ಘಟ್ಟದ ತುದಿಯಲ್ಲಿ ಆಗಲಿಲ್ಲ! ನಾಣ್ಯ ಅಲ್ಲೇ ಕೂತು ಬಿಸಿಯಾಯಿತು. ಸಣ್ಣ ವೈರಿನ ರೆಸಿಸ್ಟೆನ್ಸ್ ಜಾಸ್ತಿ, ಶಾರ್ಟ್ ಆಗಿದೆ ಅಂತ ಸಪ್ಲೈಗೆ ತಿಳಿಯುವುದೇ ಇಲ್ಲ. ಅಲ್ಲಿ ಬೋಗಿಯೊಂದು ಹಳಿ ತಪ್ಪಿ ಅಡ್ಡ ಬಿದ್ದಿದ್ದರೆ ಪ್ಲಾಸ್ಟಿಕ್ ಕರಗುತ್ತಿತ್ತು.

ಎಲ್ಲ ಕಿತ್ತೆವು. ಮೇಜಿನ ಕೆಳಗೆ ಮನೆ ವೈರಿಂಗಿಗೆ ಹಾಕುವ 2.5 ಚದರ ಮಿಲಿಮೀಟರ್ ವೈರು, ಕೆಂಪು ಕಪ್ಪು ಜೋಡಿ, ಈ ತುದಿಯಿಂದ ಆ ತುದಿಗೆ. ಅದರಿಂದ ಮೀಟರಿಗೊಂದರಂತೆ ಹಳಿಗೆ ಸಣ್ಣ ಕವಲು. ಹಳಿಯ ಪಕ್ಕಕ್ಕೆ ಸೋಲ್ಡರ್ ಮಾಡುವಾಗ ಆ ಕಡೆ ಈ ಕಡೆ ಒದ್ದೆ ಹತ್ತಿ ಇಟ್ಟರೆ ಸ್ಲೀಪರ್ ಕರಗುವುದಿಲ್ಲ. ಎರಡು ಭಾನುವಾರ ಹಿಡಿಯಿತು, ನನ್ನ ಕತ್ತು ಇನ್ನೂ ನೋಯುತ್ತದೆ. ಮತ್ತೆ ಪ್ರತಿ ಅಡಿಗೂ ನಾಣ್ಯ ಇಟ್ಟು ನೋಡಿದೆವು. ಎಲ್ಲ ಕಡೆ ಕಟ್ಟಾಯಿತು.

ಹಳೇ ಟಾಗಲ್ ಸ್ವಿಚ್‌ಗಳನ್ನು ಬಿಸಾಡಲಿಲ್ಲ. ಈಗ ಅವು ಬರೀ ಆನ್ ಆಫ್. ಎಲ್ಲೋ ಶಾರ್ಟ್ ಆದರೆ ಒಂದೊಂದೇ ಬ್ಲಾಕ್ ಆಫ್ ಮಾಡುತ್ತಾ ಹೋದರೆ ಜಾಗ ಸಿಗುತ್ತದೆ. ಇಡೀ ಮೇಜಿಗೆ ಒಂದೇ ದೊಡ್ಡ ಸ್ವಿಚ್, ನಡುವೆ ಆಫ್: ಒಂದೋ ಎಲ್ಲವೂ ಡಿಸಿಸಿ, ಇಲ್ಲವೇ ಎಲ್ಲವೂ ಅನಲಾಗ್. ಎರಡೂ ಒಟ್ಟಿಗೆ ಹಳಿಯ ಮೇಲೆ ಬರಲು ದಾರಿಯೇ ಇಲ್ಲ.

ಬಳೆ ತಿರುವಿನಲ್ಲಿ ಒಂದು ಪೇಚು ಇತ್ತು. ಗಾಡಿ ಸುತ್ತಿ ಅದೇ ಹಳಿಗೆ ಬಂದಾಗ ಎಡಗಡೆ ಹಳಿ ಬಲಗಡೆ ಹಳಿಗೆ ಕೂಡುತ್ತದೆ, ಅಂದರೆ ಶಾರ್ಟ್. ಇದು ಎರಡೂ ಪದ್ಧತಿಗೆ ಇರುವ ಕಾಟ. ಅನಲಾಗಿನಲ್ಲಿ ಗಾಡಿಯನ್ನು ತಿರುವಿನಲ್ಲಿ ನಿಲ್ಲಿಸಿ, ಸ್ವಿಚ್ ತಿರುಗಿಸಿ, ಮತ್ತೆ ಹೊರಡಿಸುತ್ತಿದ್ದೆವು. ಡಿಸಿಸಿಯಲ್ಲಿ ಆಟೋ ರಿವರ್ಸರ್ ಅನ್ನುವ ಮಾಡ್ಯೂಲ್ ಕಣ್ಣು ಮಿಟುಕಿಸುವುದರೊಳಗೆ ಅದಲು ಬದಲು ಮಾಡುತ್ತದೆ, ಗಾಡಿ ನಿಲ್ಲುವುದೇ ಇಲ್ಲ. ಆದರೆ ನಮ್ಮಲ್ಲಿ ಏಳು ಬೋಗಿ ಹಾಕಿದರೆ ಕಟ್ಟಾಗುತ್ತಿತ್ತು, ಐದು ಹಾಕಿದರೆ ಇಲ್ಲ. ಒಂದು ಸಂಜೆ ಪೂರ್ತಿ ತಲೆ ಕೆರೆದುಕೊಂಡೆವು. ಕೊನೆಗೆ ಹುಡುಗ ಟೇಪ್ ಹಿಡಿದ. ತಿರುವಿನ ಬೇರ್ಪಡಿಸಿದ ಭಾಗಕ್ಕಿಂತ ಗಾಡಿಯೇ ಒಂದು ಬೋಗಿ ಉದ್ದ. ಲೋಹದ ಗಾಲಿಗಳು ಎರಡೂ ತುದಿಯ ಗಡಿಯನ್ನು ಒಟ್ಟಿಗೆ ತುಳಿಯುತ್ತಿದ್ದವು. ಗಡಿಯನ್ನು ಹೊರಕ್ಕೆ ಸರಿಸಿದ ಮೇಲೆ ಸರಿಹೋಯಿತು.

ಎಂಜಿನ್‌ಗಳ ವಿಷಯ. ನಾಲ್ಕು ಹೊಸವಕ್ಕೆ ಡಿಕೋಡರ್ ಚುಚ್ಚಿದ್ದು ಅಷ್ಟೇ ಕೆಲಸ. ಹಳೆಯವುಗಳಲ್ಲಿ ಮೋಟರಿನ ಒಂದು ತುದಿ ನೇರ ಚಾಸಿಗೆ, ಅಂದರೆ ಲೋಹದ ಚೌಕಟ್ಟಿಗೆ, ತಗುಲಿರುತ್ತದೆ. ಹಾಗೇ ಡಿಕೋಡರ್ ಹಾಕಿ ಹಳಿ ಮೇಲಿಟ್ಟರೆ ಅದು ಸುಡುತ್ತದೆ. ಮಲ್ಟಿಮೀಟರಿನಲ್ಲಿ ಬ್ರಷ್ಷಿಗೂ ಚಾಸಿಗೂ ಕಂಟಿನ್ಯೂಟಿ ನೋಡಿ, ಬೀಪ್ ಬಂದರೆ ಹಾಗೇ ಹಾಕಬೇಡಿ. ಒಂದನ್ನು ಬಿಚ್ಚಿ, ಬಿಸಿ ತಡೆಯುವ ಟೇಪ್ ಹಾಕಿ, ನೈಲಾನ್ ಸ್ಕ್ರೂ ಹಾಕಿ ಬೇರ್ಪಡಿಸಿದೆ. ಇನ್ನೊಂದನ್ನು ಮುಟ್ಟಲು ರಾಯರು ಬಿಡಲಿಲ್ಲ.

ಬ್ಯಾಂಕರ್ ಹೊಂದಿಸಿದ್ದು ಹೀಗೆ. ಸಮತಟ್ಟು ಜಾಗದಲ್ಲಿ ಒಂದು ಮೀಟರ್ ಹಳಿಗೆ ಗುರುತು ಹಾಕಿ, ಸ್ಟಾಪ್‌ವಾಚ್ ಹಿಡಿದು, ಎರಡು ಎಂಜಿನ್ನೂ ಒಂದೇ ಹೊತ್ತಿನಲ್ಲಿ ದಾಟುವ ತನಕ ಡಿಕೋಡರಿನ ಸಿವಿ ಅನ್ನುವ ಸೆಟ್ಟಿಂಗ್‌ಗಳಲ್ಲಿ 2, 5, 6 ಬದಲಿಸುತ್ತಾ ಹೋದೆವು. ಮೊದಲನೆಯದು ಹೊರಡುವ ವೋಲ್ಟೇಜ್, ಎರಡನೆಯದು ಗರಿಷ್ಠ ವೇಗ, ಮೂರನೆಯದು ನಡುವಿನ ವೇಗ. ಕೊನೆಗೆ ಹಿಂದಿನದನ್ನು ಒಂದು ಕೂದಲಷ್ಟು ನಿಧಾನ ಇಟ್ಟೆವು. ಆ ಬೋಗಿ ಮತ್ತೆ ಮಲಗಲಿಲ್ಲ.

ಇನ್ನೊಂದು ಅನುಭವ. ಒಂದು ಸಂಜೆ ಕರೆಂಟ್ ಹೋಯಿತು, ಇನ್ವರ್ಟರ್ ಹಿಡಿಯಿತು, ನಿಂತಿದ್ದ ಎಂಜಿನ್ ಯಾರೂ ಮುಟ್ಟದೆ ಪೂರ್ತಿ ವೇಗದಲ್ಲಿ ಹೊರಟಿತು! ರಾಯರು ಕೈ ಅಡ್ಡ ಹಿಡಿಯದಿದ್ದರೆ ಮೇಜಿನಿಂದ ಕೆಳಗೆ. ಒಂದು ಕ್ಷಣ ಸಂದೇಶ ನಿಂತು ಬರೀ ವೋಲ್ಟೇಜ್ ಬಂದಾಗ, ಇದು ಅನಲಾಗ್ ಹಳಿ ಅಂತ ಡಿಕೋಡರ್ ತಿಳಿದುಕೊಂಡಿತ್ತು. ಸಿವಿ 29ರಲ್ಲಿ 6 ಇದ್ದದ್ದನ್ನು 2 ಮಾಡಿದರೆ ಅನಲಾಗ್ ಕಡೆ ಅದು ತಿರುಗಿಯೂ ನೋಡುವುದಿಲ್ಲ. ನಾಲ್ಕು ಹೊಸವಕ್ಕೂ, ಬಿಚ್ಚಿದ ಹಳೆಯದಕ್ಕೂ ಅದನ್ನೇ ಬರೆದೆವು.

ಕೀಲಿ

ಟೋಕನ್ ಉಳಿದಿತ್ತು. ಘಟ್ಟದ ಬ್ಲಾಕಿನ ಕರೆಂಟನ್ನು ಕೀಲಿ ತಿರುಗಿಸಿದರೆ ಮಾತ್ರ ಆನ್ ಆಗುವ ಸ್ವಿಚ್ ಮೂಲಕ ಕೊಟ್ಟೆ. ಅಂಥ ಸ್ವಿಚ್ ಎರಡು, ಕೆಳಗಿನ ಸ್ಟೇಷನ್ನಿನ ಪ್ಯಾನೆಲ್ಲಿನಲ್ಲಿ ಒಂದು, ಮೇಲಿನದರಲ್ಲಿ ಒಂದು. ಎರಡಕ್ಕೂ ಒಂದೇ ಕೀಲಿ. ಆಫ್ ಮಾಡದೆ ಅದು ಹೊರಗೆ ಬರುವುದಿಲ್ಲ. ಯಾವ ಕಡೆಯೂ ಕೀಲಿ ತಿರುಗಿಸದೆ ಗಾಡಿ ಘಟ್ಟಕ್ಕೆ ಕಾಲಿಟ್ಟರೆ ಅಲ್ಲೇ ಸತ್ತು ನಿಲ್ಲುತ್ತದೆ. ರಾಯರು ಕೀಲಿಗೆ ಒಂದು ಗೋಲಿ ಅಂಟಿಸಿ, ಅಮ್ಮನವರಿಂದ ಸಣ್ಣ ಚೀಲ ಹೊಲಿಸಿ ಅದರೊಳಗೆ ಇಟ್ಟಿದ್ದಾರೆ.

ನನ್ನನ್ನು ಕೇಳಿದರೆ, ಒಬ್ಬರೇ ಓಡಿಸುವವರು, ಒಂದು ಹೊತ್ತಿಗೆ ಒಂದು ಗಾಡಿ ಸಾಕು ಅನ್ನುವವರು, ಸಾಕೆಟ್ ಇಲ್ಲದ ಹಳೇ ಎಂಜಿನ್ ಜಾಸ್ತಿ ಇರುವವರು ಸುಮ್ನೆ ಅನಲಾಗಿನಲ್ಲೇ ಇರಿ. ಡಿಕೋಡರ್ ಒಂದಕ್ಕೆ ನಮಗೆ ಎರಡೂವರೆ ಸಾವಿರದ ಹತ್ತಿರ ಬಿತ್ತು. ಐದು ಎಂಜಿನ್ನಿಗೆ ಲೆಕ್ಕ ಹಾಕಿಕೊಳ್ಳಿ. ಯಾವುದನ್ನೇ ಆರಿಸಿದರೂ ವೈರು ಮಾತ್ರ ಮೊದಲೇ ದಪ್ಪದ್ದು ಹಾಕಿ. ಮತ್ತೆ, ಅಂಗಡಿಗೆ ಹೋಗುವ ಮೊದಲು ಒಂದು ಭಾನುವಾರದ ಗ್ರಾಫ್ ಬರೆದು ಕೆಂಪು ಗುರುತು ಹಾಕಿ ನೋಡಿ. ನಾವು ಅದನ್ನು ಕೊನೆಗೆ ಮಾಡಿದೆವು, ಅದಕ್ಕೇ ಎರಡು ಸಲ ವೈರು ಎಳೆದೆವು.

ಮುಟ್ಟದೆ ಉಳಿದ ಆ ಹಳೇ ಎಂಜಿನ್ ಈಗಲೂ ಇದೆ. ತಿಂಗಳಿಗೊಮ್ಮೆ ರಾಯರು ದೊಡ್ಡ ಸ್ವಿಚ್ಚನ್ನು ಅನಲಾಗ್ ಕಡೆಗೆ ತಿರುಗಿಸುತ್ತಾರೆ. ಡಿಕೋಡರ್ ಇರುವ ಐದೂ ನಿಂತಲ್ಲೇ ನಿಂತಿರುತ್ತವೆ. ಇದೊಂದೇ ಒಂಟಿಯಾಗಿ ಘಟ್ಟ ಹತ್ತುತ್ತದೆ, ನಿಲ್ಲುವಾಗ ಅದರ ದೀಪ ಮೆಲ್ಲಗೆ ಆರುತ್ತದೆ. ಮೊನ್ನೆ ಹುಡುಗ ಮತ್ತೆ ಕೇಳಿದ, "ತಾತಾ, ಇದಕ್ಕೂ ಒಂದು ಡಿಕೋಡರ್ ಹಾಕ್ಲಾ?" ರಾಯರು ಚೀಲದಿಂದ ಕೀಲಿ ತೆಗೆದು ಅವನ ಕೈಗೆ ಕೊಟ್ಟು, "ಮೊದಲು ಮೇಲಿನ ಸ್ಟೇಷನ್ನಿಗೆ ಇದನ್ನ ಮುಟ್ಟಿಸು. ಗಾಡಿ ಕಾಯ್ತಾ ಇದೆ" ಅಂದರು.